ಚಿತ್ರ ಬರೆದವರ ಹೆಸರೂ ಹಾಕಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಾಮಿಕ್ಸ್ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಮನೆಯಲ್ಲಿ ಒಂದು ಸಲ ಓದಿ, ಮಾರನೇ ದಿನ ಥಾಣೆ ಊರಿಗೆ ಹೋಗುವಾಗ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಇನ್ನೊಂದು ಸಲ ಓದಿದೆ. ಆದರೆ 'ಲೀ ಫಾಕ್ ಬರೆದ ಫ್ಯಾಂಟಮ್' ಎಂಬಲ್ಲಿ ಎರಡು ಸಲವೂ ಕಣ್ಣು ನಿಂತಿತು. ನಮ್ಮ ಕನ್ನಡದಲ್ಲಿ ಇದೊಂದು ತಾಪತ್ರಯ. ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಫ್ಯಾಂಟಮ್ ಎಂಬ ಮುಖವಾಡದ ಕಾಡಿನ ವೀರನಿಗೆ ಫಾಕ್ ಬರೆದದ್ದು ಕಥೆ. ಲೇಖನದ ಜೊತೆ ಕಾಲು ಪುಟಕ್ಕೆ ಹಾಕಿದ್ದೀರಲ್ಲ, ಕುದುರೆ ಮೇಲೆ ಕೂತ ಫ್ಯಾಂಟಮ್, ಅದು ಸೈ ಬ್ಯಾರಿ ಎಂಬ ಕಲಾವಿದರ ಕೈ. ಅವರ ಹೆಸರು ಆ ಪುಟದಲ್ಲಿ ಎಲ್ಲೂ ಇಲ್ಲ.

ಇಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀಯಪ್ಪಾ ಎಂದು ನೀವು ಕೇಳಬಹುದು. ನಾನು ಕಾರ್ಕಳದ ಕಡೆಯವನು. 1971ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಸೋದರಮಾವನ ಜೊತೆ ಮುಂಬೈಗೆ ಬಂದೆ. ಹಗಲು ಫೋರ್ಟಿನ ಹೋಟೆಲಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ನೈಟ್ ಸ್ಕೂಲು. ಟಿಪ್ಸ್ ಕಾಸು ಸೇರಿಸಿ ಫ್ಲೋರಾ ಫೌಂಟನ್ ಫುಟ್‌ಪಾತ್‌ನಲ್ಲಿ ಫ್ಯಾಂಟಮ್ ಕಥೆ ಬರುತ್ತಿದ್ದ ಹಳೇ ಇಂದ್ರಜಾಲ ಕಾಮಿಕ್ಸ್ ಕೊಳ್ಳುತ್ತಿದ್ದೆ. ಇಂಗ್ಲಿಷ್ ಅಷ್ಟಕ್ಕಷ್ಟೇ, ಹಾಗಾಗಿ ಚಿತ್ರವನ್ನೇ ಜಾಸ್ತಿ ಓದುತ್ತಿದ್ದೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಕೆಲವು ಪುಸ್ತಕಗಳಲ್ಲಿ ಫ್ಯಾಂಟಮ್ ಮುಖ ಬೇರೆ, ಮೈಕಟ್ಟೂ ಬೇರೆ. ಒಂದರಲ್ಲಿ ಗೆರೆ ಸರಳ, ಹಿನ್ನೆಲೆಯಲ್ಲಿ ನಾಲ್ಕು ಎಲೆ ಬರೆದರೆ ಕಾಡು ಮುಗಿಯಿತು. ಇನ್ನೊಂದರಲ್ಲಿ ತೋಳಿನ ಒಂದೊಂದು ಸ್ನಾಯು, ಬಟ್ಟೆಯ ಒಂದೊಂದು ಮಡಿಕೆ ಎದ್ದು ಕಾಣುತ್ತದೆ. ಫ್ಯಾಂಟಮ್ ಪಟ್ಟ ಅಪ್ಪನಿಂದ ಮಗನಿಗೆ ಬರುತ್ತದಲ್ಲ, ಹಾಗಾಗಿ ಅಪ್ಪ ಸತ್ತಿರಬೇಕು, ಇದು ಮಗ ಇರಬೇಕು ಎಂದುಕೊಂಡೆ. ಎಷ್ಟೋ ವರ್ಷ ಹಾಗೇ ನಂಬಿದ್ದೆ.

ಸತ್ತದ್ದು ನಿಜಕ್ಕೂ ಚಿತ್ರ ಬರೆಯುವವರು. 1936ರ ಫೆಬ್ರವರಿ 17ರಂದು ಫ್ಯಾಂಟಮ್ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದಾಗ ಚಿತ್ರ ರೇ ಮೂರ್ ಅವರದು. ಕಪ್ಪು ನೆರಳು ತುಂಬಿದ ಚಿತ್ರಗಳು. ಮಹಾಯುದ್ಧದ ಹೊತ್ತಿಗೆ ಅವರು ಸೈನ್ಯಕ್ಕೆ ಹೋದರು, ಕೆಲಸ ಮೆಲ್ಲಗೆ ವಿಲ್ಸನ್ ಮೆಕಾಯ್ ಕೈಗೆ ಬಂತು. ನಾಲ್ಕು ಎಲೆಯ ಕಾಡು ಇವರದು. 1961ರಲ್ಲಿ ಮೆಕಾಯ್ ತೀರಿಕೊಂಡರು. ಅದೇ ವರ್ಷ ಸೈ ಬ್ಯಾರಿ ಬಂದು 1994ರ ತನಕ ಬರೆದರು. ಬ್ಯಾರಿ ಕೈಕೆಳಗೆ ಜಾರ್ಜ್ ಓಲೆಸೆನ್ ಎಂಬವರು ವರ್ಷಗಟ್ಟಲೆ ಪೆನ್ಸಿಲ್ ಕೆಲಸ ಮಾಡಿದರು. ಬ್ಯಾರಿ ನಿವೃತ್ತರಾದ ಮೇಲೆ ಓಲೆಸೆನ್ ಹೆಸರು ಚಿತ್ರಪಟ್ಟಿಯ ಮೇಲೆ ಬಂತು. ಅಂದರೆ ಹೆಸರಿಲ್ಲದವರ ಕೆಳಗೂ ಹೆಸರಿಲ್ಲದವರು ಇರುತ್ತಾರೆ ಸ್ವಾಮಿ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ, ಒಂದು ಜಾಹೀರಾತು ಏಜೆನ್ಸಿಯ ಸ್ಟುಡಿಯೋದಲ್ಲಿ ಆರ್ಟಿಸ್ಟ್ ಆಗಿ ಸೇರಿದ ಮೇಲೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನ್ಯೂ ಮರೀನ್ ಲೈನ್ಸ್‌ನ ಅಮೆರಿಕನ್ ಸೆಂಟರ್ ಲೈಬ್ರರಿಗೆ ಹೋಗುತ್ತಿದ್ದೆ. ಸತ್ಯ ಹೇಳಬೇಕೆಂದರೆ ಮೊದಲು ಹೋದದ್ದು ಅಲ್ಲಿನ ಏಸಿ ತಂಪಿಗೆ.

ಅಲ್ಲಿ ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದವರು ಕಾರ್ಲ್ ಬಾರ್ಕ್ಸ್. ನಿಮ್ಮ ಲೇಖನದಲ್ಲಿ ಡೊನಾಲ್ಡ್ ಡಕ್ ಇದೆ, ಬಾರ್ಕ್ಸ್ ಇಲ್ಲ. 1901ರಲ್ಲಿ ಆರೆಗಾನ್ ರಾಜ್ಯದ ರೈತರ ಮನೆಯಲ್ಲಿ ಹುಟ್ಟಿದವರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೊಲದಲ್ಲಿ ದುಡಿದರು, ರೈಲ್ವೆ ವರ್ಕ್‌ಶಾಪಿನಲ್ಲಿ ರಿವೆಟ್ ಹೊಡೆದರು. 1935ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿ, 1942ರಲ್ಲಿ ಬಿಟ್ಟರು. ಕೋಳಿ ಸಾಕುವುದು ಅವರ ಆಸೆ. ಕೋಳಿ ಫಾರಂ ಜೊತೆಗೆ ಡೊನಾಲ್ಡ್ ಡಕ್‌ನ ಬಾತುಕೋಳಿ ಕಾಮಿಕ್ಸ್ ಹಿಡಿದರು, ಕೈ ಹಿಡಿದದ್ದು ಬಾತುಕೋಳಿ. ಸುಮಾರು 6000 ಪುಟ. ಹೆಚ್ಚಿನವಕ್ಕೆ ಕಥೆಯೂ ಅವರದೇ, ಚಿತ್ರವೂ ಅವರದೇ. ನನ್ನ ಮಗ ದೂರದರ್ಶನದಲ್ಲಿ ಭಾನುವಾರ ಬಾಯಿ ಬಿಟ್ಟು ನೋಡುತ್ತಿದ್ದ, ದುಡ್ಡಿನ ರಾಶಿಯಲ್ಲಿ ಈಜುವ ಆ ಜಿಪುಣ ಅಂಕಲ್ ಸ್ಕ್ರೂಜ್ ಇದ್ದಾನಲ್ಲ, ಅವನನ್ನು 1947ರಲ್ಲಿ ಹುಟ್ಟಿಸಿದವರೂ ಇವರೇ. ಆದರೆ ಪುಸ್ತಕದ ಮೇಲೆ ವಾಲ್ಟ್ ಡಿಸ್ನಿ ಎಂಬ ಒಂದೇ ಹೆಸರು.

ಮಕ್ಕಳು ಮೋಸ ಹೋಗಲಿಲ್ಲ. ಯಾವ ಕಥೆಯ ಬಾತು ಬೇರೆಯವರದು, ಯಾವುದು 'ಅವರದು' ಎಂದು ಕೊಕ್ಕಿನ ತಿರುವು ನೋಡಿಯೇ ಗುರುತು ಹಿಡಿಯುತ್ತಿದ್ದರು. ಹೆಸರು ಗೊತ್ತಿಲ್ಲದ್ದಕ್ಕೆ 'ಒಳ್ಳೇ ಬಾತು ಬರೆಯುವವರು' ಎಂದು ಕರೆದುಕೊಂಡರು. ಹದಿನೇಳು ಹದಿನೆಂಟು ವರ್ಷ ಹೀಗೇ ನಡೆಯಿತು. 1960ರ ಹೊತ್ತಿಗೆ ಯಾರೋ ಹುಡುಗರು ಪಟ್ಟುಬಿಡದೆ ಹೆಸರು ಪತ್ತೆ ಮಾಡಿ ಪತ್ರ ಬರೆದರು. ಬಾರ್ಕ್ಸ್‌ಗೆ ಆಗಲೇ ಅರುವತ್ತು ಹತ್ತಿರ.

ಸೂಪರ್‌ಮ್ಯಾನ್ ಕಥೆ ನಿಮ್ಮ ಲೇಖಕರೇ ಹೇಳಿದ್ದಾರೆ. ಅವನನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ 1938ರಲ್ಲಿ 130 ಡಾಲರಿಗೆ ಹಕ್ಕು ಮಾರಿದ್ದು. ನಾನು ಸೇರಿಸುವುದು ಇಷ್ಟೇ. ಚಿತ್ರ ಬರೆದ ಶುಸ್ಟರ್‌ಗೆ ಕೊನೆಗೆ ಕಣ್ಣೇ ಮಂಜಾಯಿತು. 1975ರಲ್ಲಿ ಬೇರೆ ಕಲಾವಿದರು ಗಲಾಟೆ ಮಾಡಿದ ಮೇಲೆ ತಲಾ 20,000 ಡಾಲರ್ ವಾರ್ಷಿಕ ಪಿಂಚಣಿ ಸಿಕ್ಕಿತು, ಹೆಸರೂ ವಾಪಸ್ ಬಂತು. ಪಿಂಚಣಿಯ ಸುದ್ದಿ ಎಲ್ಲರೂ ಹೇಳುತ್ತಾರೆ. ನನಗೆ ಆ ಎರಡನೆಯದೇ ದೊಡ್ಡದು ಅನಿಸುತ್ತದೆ.

ಯಾಕೆಂದರೆ ನಮ್ಮ ಸ್ಟುಡಿಯೋದಲ್ಲಿ ಸಹಿ ಹಾಕುವ ಮಾತೇ ಇರಲಿಲ್ಲ. ರಬ್ಬರ್ ಸೊಲ್ಯೂಷನ್ ವಾಸನೆ, ಬ್ರೋಮೈಡ್ ಎಂಬ ಫೋಟೋ ಕಾಗದ ಕತ್ತರಿಸಿ ಅಂಟಿಸುವುದು, ಮಧ್ಯೆ ಯಾವುದೋ ಎಣ್ಣೆ ಕಂಪನಿಗೆ ಕ್ಯಾಲೆಂಡರ್ ಚಿತ್ರ. 1986ರ ಕ್ಯಾಲೆಂಡರಿಗೆ ಯಶೋದೆ ಕೃಷ್ಣ ಬರೆದೆ. ಇಪ್ಪತ್ತೆರಡು ದಿನದ ಕೆಲಸ. ಕೊನೆಗೆ ತಡೆಯಲಾರದೆ ಯಶೋದೆಯ ಸೀರೆ ಅಂಚಿನಲ್ಲಿ, ಬಳ್ಳಿ ಬಳ್ಳಿ ಡಿಸೈನಿನ ನಡುವೆ, ಕನ್ನಡದಲ್ಲಿ ನನ್ನ ಹೆಸರಿನ ಒಂದು 'ವಾ' ಸೇರಿಸಿದೆ. ನಮ್ಮ ಬಾಸ್ ಮರಾಠಿಯವರು, ಕಣ್ಣು ಹದ್ದಿನದು. 'ಹೇ ಕಾಯ್ ಆಹೇ?' (ಇದೇನಿದು?) ಎಂದು ಬೆರಳಿಟ್ಟರು. 'ಬಳ್ಳಿ ಸರ್' ಎಂದೆ. ಒಂದು ನಿಮಿಷ ನೋಡಿ ಸುಮ್ನೆ ಬಿಟ್ಟರು. ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಊರಿನಲ್ಲಿ ಅಕ್ಕನ ಮನೆಯ ದೇವರ ಕೋಣೆಯಲ್ಲಿ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಆ 'ವಾ' ಎಲ್ಲಿದೆ ಎಂದು ಅಕ್ಕನ ಮೊಮ್ಮಗಳಿಗೆ ಮಾತ್ರ ಗೊತ್ತು.

ನ್ಯೂಯಾರ್ಕಿನ ಆಲ್ ಹಿರ್ಶ್‌ಫೆಲ್ಡ್ ಬಗ್ಗೆ ಓದಿದ್ದು ಇದಾದ ಮೇಲೆಯೇ, ಆಣೆ ಮಾಡಿ ಹೇಳುತ್ತೇನೆ. ನಾಟಕದವರ ಕ್ಯಾರಿಕೇಚರ್‌ಗೆ ಹೆಸರಾದವರು, ಹಳೇ ಕ್ಷೌರದ ಕುರ್ಚಿಯಲ್ಲಿ ಕೂತು ಚಿತ್ರ ಬರೆಯುತ್ತಿದ್ದರಂತೆ. 1945ರಲ್ಲಿ ಮಗಳು ನೀನಾ ಹುಟ್ಟಿದಾಗ ಅವಳ ಹೆಸರನ್ನು ಕೂದಲಲ್ಲಿ, ಅಂಗಿ ನೆರಿಗೆಯಲ್ಲಿ ಅಡಗಿಸಲು ಶುರು ಮಾಡಿದರು. ಆಮೇಲೆ ಓದುಗರಿಗೆ ಅದೇ ಚಟ ಹಿಡಿಯಿತು. ಚಿತ್ರದಲ್ಲಿ ಎಷ್ಟು ನೀನಾ ಇದೆ ಎಂದು ಸಹಿ ಪಕ್ಕ ಸಂಖ್ಯೆ ಹಾಕುವಷ್ಟರ ಮಟ್ಟಿಗೆ! ಅವರಿಗೆ ಮಗಳ ಹೆಸರೂ ಹಾಕಲು ಜಾಗ ಇತ್ತು. ನನಗೆ ಒಂದೂವರೆ ಅಕ್ಷರ.

ಈಗ ವಿಷಯಕ್ಕೆ ಬರುತ್ತೇನೆ. ಲೇಖನದ ತಪ್ಪು ತಿದ್ದುವುದು ಒಂದು ನೆಪ. ನಿಮ್ಮ ಪುರವಣಿಯಲ್ಲಿ ಪ್ರತಿ ವಾರ ಒಂದು ಕಥೆ ಬರುತ್ತದೆ. ಕಥೆಗಾರರ ಹೆಸರು ದಪ್ಪ ಅಕ್ಷರದಲ್ಲಿ, ಸರಿ, ಅದು ಬೇಕಾದದ್ದೇ. ಜೊತೆಗಿರುವ ಚಿತ್ರ ಯಾರದು? ಕಥೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಚಿತ್ರ:' ಎಂದು ಒಂದು ಹೆಸರು ಹಾಕಿದರೆ ಅರ್ಧ ಇಂಚೂ ಹೋಗುವುದಿಲ್ಲ. ಪುಟಕ್ಕೆ ಅಂಟಿಸುವ ಪೇಸ್ಟ್‌ಅಪ್ ಕೆಲಸ ಮಾಡಿದವನು ನಾನು, ಜಾಗದ ಲೆಕ್ಕ ನನಗೆ ಹೇಳಬೇಡಿ.

ಹೋದ ವಾರದ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹೆಂಗಸು, ಮಡಿಲಲ್ಲಿ ಒದ್ದೆ ಕೊಡೆ, ಕೊಡೆಯ ತುದಿಯಿಂದ ಇಳಿದ ನೀರು ನೆಲದಲ್ಲಿ ಹರಿದು ಅವಳ ಚಪ್ಪಲಿ ಮುಟ್ಟಿದೆ. ಆ ನೀರನ್ನು ಒಂದೇ ಬೀಸಿನಲ್ಲಿ ಎಳೆದಿದ್ದಾರೆ, ಎಲ್ಲೂ ಕೈ ತಡೆದಿಲ್ಲ. ಕೆಳಗೆ ಬಲ ಮೂಲೆಯಲ್ಲಿ ಸಹಿ ಇದೆ. ಚಿತ್ರವನ್ನು ಕಾಲಮ್ಮಿಗೆ ಕೂರಿಸುವಾಗ ನಿಮ್ಮವರು ಅದನ್ನು ಕತ್ತರಿಸಿಬಿಟ್ಟಿದ್ದಾರೆ. ಭೂತಗನ್ನಡಿ ಹಿಡಿದು ನೋಡಿದೆ. 'ರ' ಎಂಬಷ್ಟು ಕಾಣುತ್ತದೆ, ಮುಂದಿನದು ಇಲ್ಲ.

ಅವರು ಯಾರು ಎಂದು ದಯವಿಟ್ಟು ಮುಂದಿನ ಭಾನುವಾರ ತಿಳಿಸಿ.

ಇಂತಿ,
ವಾಸು
ಡೊಂಬಿವಲಿ ಪೂರ್ವ