ಕಬಡ್ಡಿ ಪಂದ್ಯದ ಜಗಳದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಹೋಬಳಿ ಮಟ್ಟದ ಕಬಡ್ಡಿಯಲ್ಲಿ ನಮ್ಮ ಮಕ್ಕಳು ಗೆದ್ದಿದ್ದು ನಿಮಗೆಲ್ಲ ಗೊತ್ತು. ಪಂದ್ಯ ಮುಗಿದ ಮೇಲೆ ಎದುರು ತಂಡದ ಹುಡುಗರ ಜೊತೆ ಹೊಡೆದಾಟ ಆಗಿದ್ದೂ ಗೊತ್ತು. ನಮ್ಮ ಹುಡುಗನೊಬ್ಬನ ತುಟಿ ಒಡೆಯಿತು. ಅವರ ಹುಡುಗನ ಅಂಗಿ ಹರಿಯಿತು. "ಇನ್ನು ಆ ಶಾಲೆಯವರ ಜೊತೆ ಆಡಿಸಬೇಡಿ ಸಾರ್" ಎಂದು ನಿಮ್ಮಲ್ಲಿ ಕೆಲವರು ಫೋನ್ ಮಾಡಿದಿರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಬರುವ ಶನಿವಾರ ಅವರನ್ನು ನಮ್ಮ ಮೈದಾನಕ್ಕೆ ಕರೆದಿದ್ದೇನೆ. ಯಾಕೆ ಅಂತ ನಿಮಗೆ ಹೇಳಬೇಕು, ಅಲ್ವಾ?

ನಿನ್ನೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಅಮೆರಿಕದ ಅಂತರ್ಯುದ್ಧದ ಕೊನೆಯ ದಿನಗಳ ಕಥೆ ಹೇಳಿದೆ. ಗುಲಾಮಗಿರಿಯ ವಿಷಯಕ್ಕೆ ಆ ದೇಶದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ನಾಲ್ಕು ವರ್ಷದ ಯುದ್ಧ ಅದು. ಸತ್ತವರು 6 ಲಕ್ಷಕ್ಕೂ ಜಾಸ್ತಿ. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಾಕ್ಸ್ ಎಂಬ ಸಣ್ಣ ಊರಿನಲ್ಲಿ ದಕ್ಷಿಣದ ಸೇನಾಪತಿ ಲೀ ಅವರು ಉತ್ತರದ ಗ್ರಾಂಟ್ ಅವರಿಗೆ ಶರಣಾದರು. ಸೋತ ಸೈನಿಕರು ಬಂದೂಕು ಒಪ್ಪಿಸಲೇಬೇಕಿತ್ತು. ಮತ್ತೆ ಯುದ್ಧಕ್ಕೆ ಬರುವುದಿಲ್ಲ ಎಂದು ಮಾತು ಕೊಟ್ಟು ಮನೆಗೆ ಹೋಗಬಹುದಿತ್ತು. ಸ್ವಂತ ಕುದುರೆ, ಹೇಸರಗತ್ತೆ ಇದ್ದವರು ಅವನ್ನು ಹೊಡೆದುಕೊಂಡು ಹೋಗಲಿ ಎಂದರು ಗ್ರಾಂಟ್. ಅದು ಉಳುಮೆಯ ಕಾಲ. ಹಸಿದಿದ್ದ ಆ ಸೈನ್ಯಕ್ಕೆ 25,000 ಜನರ ಊಟದ ಸಾಮಾನನ್ನೂ ಕಳಿಸಿದರು. ಗುಲಾಮಗಿರಿಯ ವಿಷಯದಲ್ಲಿ ಮಾತ್ರ ರಾಜಿ ಇರಲಿಲ್ಲ. ಅದೇ ವರ್ಷ ಸಂವಿಧಾನ ತಿದ್ದಿ ಅದನ್ನು ತೆಗೆದುಹಾಕಿದರು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಗೆದ್ದ ಸೈನಿಕರು ಖುಷಿಯಲ್ಲಿ ತೋಪು ಹಾರಿಸತೊಡಗಿದಾಗ ಗ್ರಾಂಟ್ ತಕ್ಷಣ ನಿಲ್ಲಿಸಿದರು. ಸೋತವರು ಮತ್ತೆ ನಮ್ಮ ದೇಶದವರೇ ಆಗಿದ್ದಾರೆ, ಅವರ ಎದುರು ಮೆರೆಯುವುದು ಬೇಡ ಎಂಬುದು ಅವರ ಮನಸ್ಸು. ಗೆದ್ದ ದಿನವೇ ಇಷ್ಟು ಯೋಚಿಸುವುದು ಸುಲಭವಲ್ಲ.

ನಮ್ಮಲ್ಲಿ ಕೆಲವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಆ ಹುಡುಗರನ್ನು ಅಣಕಿಸುವ ವಿಡಿಯೊ ಇನ್ನೂ ಇದೆ. ದಯವಿಟ್ಟು ಇವತ್ತೇ ತೆಗೆಯಿರಿ. ಅವರೂ ನಮ್ಮ ಮಕ್ಕಳ ವಯಸ್ಸಿನವರೇ. ಅದೇ ಬಸ್ಸಿನಲ್ಲಿ ಓಡಾಡುತ್ತಾರೆ, ಮುಂದೆ ಅದೇ ಕಾಲೇಜಿಗೆ ಸೇರುತ್ತಾರೆ.

ಹೊಡೆದಿದ್ದನ್ನು ಸುಮ್ನೆ ಬಿಡುತ್ತಿಲ್ಲ. ಎರಡೂ ಶಾಲೆಯ ದೈಹಿಕ ಶಿಕ್ಷಕರು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದ್ದಾರೆ. ಕೈ ಎತ್ತಿದವರು, ನಮ್ಮವರೂ ಸೇರಿ, ಕ್ಷಮೆ ಕೇಳುತ್ತಾರೆ. ತುಟಿ ಒಡೆದ ಹುಡುಗ ತಾನೂ ಆಡುತ್ತೇನೆ ಎಂದಿದ್ದಾನೆ. ಅವನ ತಾಯಿಯೂ ಒಪ್ಪಿದ್ದಾರೆ. ಮನಸ್ಸಿಲ್ಲದ ಮಕ್ಕಳಿಗೆ ಒತ್ತಾಯ ಇಲ್ಲ.

ಶನಿವಾರ ಎರಡೂ ಶಾಲೆಯ ಮಕ್ಕಳನ್ನು ಬೆರೆಸಿ ತಂಡ ಮಾಡುತ್ತೇವೆ. ಆಟದ ನಂತರ ಎಲ್ಲರಿಗೂ ಇಲ್ಲೇ ಊಟ. ನೀವೂ ಬನ್ನಿ. ಮಜ್ಜಿಗೆ, ಬಾಳೆಹಣ್ಣು ಕೊಡುವವರು ಶುಕ್ರವಾರದೊಳಗೆ ಶಾಲೆಗೆ ತಿಳಿಸಿ.

ಇಂತಿ,
ಮುಖ್ಯ ಶಿಕ್ಷಕರು