ಕ್ಸಿಯಾನ್ ಅಲ್ಲ, ಶೀಆನ್

ಮಾನ್ಯ ಸಂಪಾದಕರೇ,

ಕಳೆದ ವಾರದ ಭಾನುವಾರದ ಪುರವಣಿಯಲ್ಲಿ ಚೀನಾ ಪ್ರವಾಸದ ಬಗ್ಗೆ ಬಂದ ಪೂರ್ಣಪುಟದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಅದರಲ್ಲಿ ಒಂದು ಊರು ‘ಕ್ಸಿಯಾನ್’, ಇನ್ನೊಂದು ‘ಚಾಂಗ್‌ಕಿಂಗ್’, ಒಂದು ಪ್ರಾಂತ್ಯ ‘ಕ್ವಿಂಘೈ’. ಈ ಹೆಸರಿನ ಯಾವ ಜಾಗವೂ ಚೀನಾದಲ್ಲಿಲ್ಲ. ಇದ್ದಿದ್ದರೆ ಈ ಮೇ ತಿಂಗಳಲ್ಲಿ ನಾನು ಹತ್ತೊಂಬತ್ತು ದಿನ ಅಲ್ಲಿ ತಿರುಗಿದಾಗ ಒಬ್ಬರಾದರೂ ದಾರಿ ತೋರಿಸುತ್ತಿದ್ದರು. ಮೊದಲ ದಿನ ನಾನೂ ‘ಕ್ಸಿಯಾನ್’ ಎಂದೇ ಕೇಳಿದವಳು. ಎದುರಿಗಿದ್ದವರು ನನಗೆ ಸೀನು ಬಂತೇನೋ ಎಂಬಂತೆ ನೋಡಿದರು.

ನಾನು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು. ಮಹಾಪ್ರಾಣ ಬಿಟ್ಟ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಾಕಿ ಬೆರಳು ಸವೆಸಿದ್ದೇನೆ. ಬ್ಯಾಂಕಿನಿಂದ ನಿವೃತ್ತಳಾದ ತಂಗಿ ಜೊತೆಗಿದ್ದಳು. ದುಡ್ಡು, ಟಿಕೆಟ್ಟು, ಫೋನು ಅವಳ ಖಾತೆ. ಓದುವುದು, ಮಾತಾಡುವುದು ನನ್ನ ಖಾತೆ. ಪ್ಯಾಕೇಜಿನಲ್ಲಿ ಹೋಗಲಿಲ್ಲ. ದಿನಾ ರಾತ್ರಿ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ದಾಲ್-ರೋಟಿ ತಿನ್ನಿಸುವ ಪ್ರವಾಸಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎನ್ನುವುದು ತಂಗಿಯ ವಾದ. ನನಗೆ ಒಳಗೊಳಗೇ ಅಳುಕಿತ್ತು; ಇಬ್ಬರೂ ಸಸ್ಯಾಹಾರಿಗಳು.

ಮೊದಲು ಹೆಸರಿನ ವಿಷಯ. ಚೀನಾದವರು ತಮ್ಮ ನುಡಿಯನ್ನು ರೋಮನ್ ಲಿಪಿಯಲ್ಲಿ ಬರೆಯುವ ‘ಫಿನ್‌ಯಿನ್’ ಪದ್ಧತಿಯನ್ನು 1958ರಲ್ಲಿ ಜಾರಿಗೆ ತಂದರು. ಅವರ ನುಡಿಯಲ್ಲಿ ನಮ್ಮ ಬ, ದ, ಗಗಳಂಥ ಧ್ವನಿಗಳಿಲ್ಲ. ಇರುವುದು ಪ-ಫ, ತ-ಥ, ಕ-ಖ ಎಂಬ ಅಲ್ಪಪ್ರಾಣ-ಮಹಾಪ್ರಾಣದ ಜೋಡಿಗಳು. (ಇಲ್ಲಿ ಫ ಅಂದರೆ ಫಲದ ಫ, ಫೋನಿನದಲ್ಲ.) ರೋಮನ್ ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರ ಎಲ್ಲಿದೆ? ಹಾಗಾಗಿ ಕೆಲಸವಿಲ್ಲದೆ ಕೂತಿದ್ದ ಬಿ, ಡಿ, ಜಿಗಳನ್ನು ಅಲ್ಪಪ್ರಾಣಕ್ಕೆ ಹಚ್ಚಿ, ಪಿ, ಟಿ, ಕೆಗಳನ್ನು ಮಹಾಪ್ರಾಣಕ್ಕೆ ಇಟ್ಟುಕೊಂಡರು. ಎಕ್ಸ್ ಎಂದರೆ ಶ, ಕ್ಯೂ ಎಂದರೆ ಛ. ಅದು ಅವರ ಹೊಂದಾಣಿಕೆ, ಸರಿಯೇ. ಅ ಆ ಇ ಈ ಕಲಿತ ದಿನದಿಂದ ಈ ಎಲ್ಲ ಅಕ್ಷರ ಮನೆಯಲ್ಲೇ ಇಟ್ಟುಕೊಂಡಿರುವ ನಾವು ಇಂಗ್ಲಿಷಿನ ಹಿತ್ತಿಲಿನಿಂದ ನುಗ್ಗಿ ‘ಕ್ಸಿ’ ಎಂದು ಯಾಕೆ ತಿಣುಕಬೇಕು? ಶೀಆನ್ ಇರುವ ಪ್ರಾಂತ್ಯದ ಹೆಸರು ಷಾನ್‌ಶಿ. ಒಂದೇ ಪದದಲ್ಲಿ ಷಕಾರವೂ ಇದೆ, ಶಕಾರವೂ ಇದೆ, ಅಲ್ಲಿಯವರು ಎರಡನ್ನೂ ಬೇರೆ ಬೇರೆಯಾಗಿಯೇ ಉಲಿಯುತ್ತಾರೆ. ನನ್ನ ತರಗತಿಯಲ್ಲಿ ಮೂವತ್ತೊಂದು ವರ್ಷ ಒಂದು ಮಗುವೂ ಅಷ್ಟು ಶುದ್ಧವಾಗಿ ಅಂದದ್ದಿಲ್ಲ.

ಸ್ವರದ ಏರಿಳಿತ ಮಾತ್ರ ನಮ್ಮ ಲಿಪಿಗೂ ದಕ್ಕುವುದಿಲ್ಲ, ಒಪ್ಪುತ್ತೇನೆ. ಒಂದು ಬೆಳಿಗ್ಗೆ ಸೋಯಾ ಹಾಲಿಗೆ ಸಕ್ಕರೆ ಬೇಕೆಂದು ‘ಥಾಂಗ್’ ಕೇಳಿದೆ. ಸೊಪ್ಪು ತೇಲುವ ಒಂದು ಬೋಗುಣಿ ಸಾರು ಬಂತು. ದನಿ ಏರಿಸಿದರೆ ಸಕ್ಕರೆ, ಸಮವಾಗಿ ಎಳೆದರೆ ಸಾರು. ಸಾರು ಚೆನ್ನಾಗಿತ್ತು, ಕುಡಿದೆ.

ಶೀಆನ್‌ನಲ್ಲಿ ನಮ್ಮ ಮೊದಲ ಊಟ ಕೋಟೆಗೋಡೆಯ ಒಳಗಿನ ಒಂದು ಗಲ್ಲಿಯಲ್ಲಿ. ಐದು ಮೇಜಿನ ಅಂಗಡಿ. ಬೆಲ್ಟಿನಷ್ಟು ಅಗಲದ, ಕೈಯಲ್ಲೇ ಎಳೆದ ಹಿಟ್ಟಿನ ಪಟ್ಟಿಗಳನ್ನು ಬೇಯಿಸಿ ಬಟ್ಟಲಿಗೆ ಹಾಕಿ, ಮೇಲೆ ಖಾರದಪುಡಿ, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿಸೊಪ್ಪು ಗುಪ್ಪೆಯಾಗಿ ಇಟ್ಟರು. ಆಮೇಲೆ ಹೊಗೆಯಾಡುವ ಎಣ್ಣೆಯ ಸೌಟು ತಂದು ಆ ಗುಪ್ಪೆಯ ನೆತ್ತಿಗೇ ಸುರಿದರು. ಚೊಂಯ್! ತಂಗಿ ಕುರ್ಚಿಯಿಂದ ಅರ್ಧ ಎದ್ದು, “ಅಕ್ಕಾ, ಒಗ್ಗರಣೆ!” ಅಂದಳು. ಅದರ ಹೆಸರು ಯೋಫೋಮ್ಯೆನ್: ಎಣ್ಣೆ ಎರಚಿದ ಮ್ಯೆನ್, ಅಂದರೆ ನೂಡಲ್ಸ್. ಹದಿನಾಲ್ಕು ಯುವಾನ್ ಕೊಟ್ಟೆವು. (ಯುವಾನ್ ಎಂದು ಬಾಯಲ್ಲಿ ಯಾರೂ ಅನ್ನುವುದಿಲ್ಲ, ‘ಖ್ವಾಯ್’ ಅನ್ನುತ್ತಾರೆ. ಖ ಒತ್ತಿ.) ಇದೇ ಜಾತಿಯ ‘ಪ್ಯಾಂಗ್‌ಪ್ಯಾಂಗ್’ ಮ್ಯೆನ್‌ನ ಹೆಸರನ್ನು ಅಂಗಡಿ ಹಲಗೆಯ ಮೇಲೆ ನೋಡಬೇಕು, ಐವತ್ತಕ್ಕೂ ಮೀರಿದ ಗೆರೆಗಳ ಒಂದೇ ಅಕ್ಷರ, ಗುಬ್ಬಿಗೂಡಿನ ಹಾಗೆ. 2020ರವರೆಗೆ ಅದಕ್ಕೆ ಯೂನಿಕೋಡಿನಲ್ಲೇ ಜಾಗ ಸಿಕ್ಕಿರಲಿಲ್ಲ.

ನಿಮ್ಮ ಲೇಖಕರು “ಸಸ್ಯಾಹಾರಿಗಳಿಗೆ ಅಲ್ಲಿ ಬಿಸ್ಕತ್ತೇ ಗತಿ” ಎಂದು ಬರೆದಿದ್ದಾರೆ. ಇದಕ್ಕೆ ನನ್ನ ತಕರಾರಿದೆ. ಹೊರಡುವ ಮೊದಲು ನಾನು ಸುಮಾರು ನಲವತ್ತು ಚೀನೀ ಅಕ್ಷರ ಗುರುತಿಸಲು ಕಲಿತಿದ್ದೆ, ಬರೆಯಲು ಅಲ್ಲ. ನಿಲ್ದಾಣದಿಂದ ಹೊರಹೋಗುವ ದಾರಿಗೆ ಬೆಟ್ಟದ ಮೇಲೊಂದು ಬೆಟ್ಟ, ಪಕ್ಕದಲ್ಲೊಂದು ಚೌಕ ಬಾಯಿ. ಮಾಂಸಕ್ಕೆ ಮೂರು ಗೋಡೆಯ ಪೆಟ್ಟಿಗೆ, ಅದರೊಳಗೆ ಒಬ್ಬರ ಕೆಳಗೊಬ್ಬರು ಇಬ್ಬರು ಮನುಷ್ಯರು. ಆ ಇಬ್ಬರು ಕಂಡ ತಿನಿಸನ್ನು ಮುಟ್ಟದಿದ್ದರಾಯಿತು. ಸಸ್ಯಾಹಾರಕ್ಕೆ ‘ಸು’: ಮೇಲೆ ಮೂರು ಅಡ್ಡಗೆರೆ, ಕೆಳಗೆ ನೂಲಿನ ಉಂಡೆ. ಮೂಲದಲ್ಲಿ ಬಣ್ಣ ಹಾಕದ ಬಿಳಿ ರೇಷ್ಮೆ ಎಂದರ್ಥವಂತೆ. ನಮ್ಮ ಊಟಕ್ಕೆ ಇಷ್ಟು ಚೆಂದದ ಹೆಸರು ನಾವೇ ಇಟ್ಟುಕೊಂಡಿಲ್ಲ.

ಈ ವಿದ್ಯೆಯನ್ನು ನಂಬಿ ಎರಡು ದಿನ ತೋಫುವನ್ನೇ (ಸೋಯಾ ಪನೀರ್) ಬಿಟ್ಟಿದ್ದೆವು. ಯಾಕೆಂದರೆ ತೋಫು ಎಂಬ ಪದದ ಎರಡನೇ ಅಕ್ಷರದ ಹೊಟ್ಟೆಯೊಳಗೆ ಅದೇ ಪೆಟ್ಟಿಗೆ, ಅದೇ ಇಬ್ಬರು ಮನುಷ್ಯರು ಕೂತಿದ್ದಾರೆ! ಕಂಡದ್ದೇ “ಬೇಡ ಬೇಡ” ಎಂದು ಕೈ ಆಡಿಸಿದೆ. ಗಲ್ಲಾದಲ್ಲಿದ್ದ ಹುಡುಗಿಗೆ ಅರ್ಥವಾಗಲಿಲ್ಲ. ತಂಗಿ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದರೆ “ಕಾಳು ಕೊಳೆತಿದೆ” ಎಂದು ಬಂತು. ಆ ಎರಡನೇ ಅಕ್ಷರಕ್ಕೆ ಬಿಡಿಯಾಗಿ ಕೊಳೆಯುವುದು ಎಂಬ ಅರ್ಥ. ಕೊನೆಗೆ ಆ ಹುಡುಗಿ ಒಳಗೆ ಹೋಗಿ ಒಂದು ಬಿಳಿ ಗಡ್ಡೆ ತಂದು ಅಂಗೈ ಮೇಲೆ ಅಲ್ಲಾಡಿಸಿ ತೋರಿಸಿದಳು. ಮೂರೂ ಜನ ನಕ್ಕೆವು. ಹಾಗೆಂದು ತೋಫು ಕಂಡಲ್ಲೆಲ್ಲ ತಿನ್ನಬಹುದು ಎಂದುಕೊಳ್ಳಬಾರದು. ಛೆಂಗ್‌ತು (ಇಂಗ್ಲಿಷಿನ ಚೆಂಗ್ಡು) ಊರಿನ ಹೆಸರಾಂತ ಮಾಫೋ ತೋಫುವಿಗೆ ಕೊಚ್ಚಿದ ಮಾಂಸ ಹಾಕುತ್ತಾರೆ. ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಬಿದ್ದಿರಬಹುದು, ಕೇಳಲೇಬೇಕು. ಮಡಿ ಮಾಡುವವರಿಗೆ ಕಷ್ಟ, ನಿಜ. ಬಿಸ್ಕತ್ತೇ ಗತಿ ಎನ್ನುವುದು ಸುಳ್ಳು.

ಶೀಆನ್‌ನಲ್ಲೇ ಇರುವ ದೊಡ್ಡ ಕಾಡುಬಾತುಕೋಳಿ ಪಗೋಡ ನೋಡಲು ಹೋದೆವು. ಏಳು ಅಂತಸ್ತಿನ ಇಟ್ಟಿಗೆ ಗೋಪುರ. ಭಾರತದಿಂದ ಹೊತ್ತೊಯ್ದ ಗ್ರಂಥಗಳನ್ನು ಇಡಲೆಂದು 652ರಲ್ಲಿ ಕಟ್ಟಿಸಿದವನು ನಾವು ಚರಿತ್ರೆ ಪುಸ್ತಕದಲ್ಲಿ ಹ್ಯೂಯೆನ್‌ತ್ಸಾಂಗ್ ಎಂದು ಓದಿದ ಯಾತ್ರಿಕ. ಅಲ್ಲಿ ಅವನು ಶ್ವೆನ್‌ತ್ಸಾಂಗ್. ನಮ್ಮ ಇಮ್ಮಡಿ ಪುಲಕೇಶಿಯ ವಿಚಾರ ಬರೆದವನು ಇವನೇ ಅಲ್ಲವೇ. ಆ ರಾಜನ ಹೆಸರನ್ನು ಅವನು ನಾಲ್ಕು ಚೀನೀ ಅಕ್ಷರಗಳಲ್ಲಿ ಕೂರಿಸಿದ್ದಾನೆ. ಈಗಿನವರು ಓದಿದರೆ ‘ಪುಲ್ವೋಚಿಷ’ ಎಂದಾಗುತ್ತದೆ. ಒಂದೊಂದು ಉಚ್ಚಾರಕ್ಕೂ ಒಂದೊಂದು ಅಕ್ಷರ ಹುಡುಕಿ, ಕಿವಿಗೆ ಬಿದ್ದಷ್ಟನ್ನು ಹಿಡಿದಿದ್ದಾನೆ. ಸಾವಿರದ ನಾನೂರು ವರ್ಷದ ಹಿಂದೆ, ಅದೂ ನಡೆದುಕೊಂಡು ಬಂದು. ನಿಮ್ಮ ಪುರವಣಿಯವರಿಗೆ ಇಂಟರ್ನೆಟ್ ಇದೆ.

ಹೆಸರು ಸರಿಯಾಗಿ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಲಾನ್‌ಚೋಗೆ ಹೋಗುವ ವೇಗದ ರೈಲು ‘ಶೀಆನ್‌ಪೇಯ್’ ನಿಲ್ದಾಣದಿಂದ. ‘ಪೇಯ್’ ಎಂದರೆ ಉತ್ತರ. ಬೀಜಿಂಗ್‌ನ ‘ಬೀ’ಯೂ ಇದೇ, ಉತ್ತರದ ರಾಜಧಾನಿ. ಅದರ ಅಕ್ಷರ ಬೆನ್ನಿಗೆ ಬೆನ್ನು ಮಾಡಿ ಕೂತ ಇಬ್ಬರಂತಿದೆ. ಇದೆಲ್ಲ ಗೊತ್ತಿದ್ದೂ ಟಿಕೆಟ್ಟಿನ ಇಂಗ್ಲಿಷ್ ಕಾಗುಣಿತದಲ್ಲಿ ಆ ಬಾಲವನ್ನು ನಾನು ಗಮನಿಸಲಿಲ್ಲ. ಕೋಟೆಗೋಡೆಯ ಪಕ್ಕದ ಹಳೇ ನಿಲ್ದಾಣದ ಮುಂದೆ ಚೀಲ ಇಳಿಸಿಕೊಂಡು ನಿಂತೆವು. ಗೇಟಿನಲ್ಲಿ ಪಾಸ್‌ಪೋರ್ಟ್ ಒತ್ತಿದರೆ ಯಂತ್ರ ಕೆಂಪಾಯಿತು. ಸಮವಸ್ತ್ರದ ಹೆಂಗಸು ಟಿಕೆಟ್ ನೋಡಿ “ಪೇಯ್! ಪೇಯ್!” ಎಂದು ಆಕಾಶದ ಕಡೆಗೆ ಕೈ ತೋರಿಸಿದಳು. ಮೆಟ್ರೋ ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಅದೇ ದಿನದ ಮುಂದಿನ ಗಾಡಿಗೆ ಬದಲಿಸಿಕೊಟ್ಟರು, ಪುಣ್ಯ. ತಂಗಿ ಲಾನ್‌ಚೋವರೆಗೆ ನನ್ನ ಹತ್ತಿರ ಮಾತಾಡಲಿಲ್ಲ.

ಲಾನ್‌ಚೋ ಹಳದಿ ನದಿಯ ಎರಡೂ ದಡದಲ್ಲಿ ಉದ್ದಕ್ಕೆ ಮಲಗಿದ ಊರು. ನದಿಯ ಮೇಲೆ 1909ರ ಕಬ್ಬಿಣದ ಸೇತುವೆ. ಕೆಳಗೆ ನೀರು ಹಾಲು ಜಾಸ್ತಿಯಾದ ಚಹಾದ ಬಣ್ಣ. ಊರು ಹೆಸರಾಗಿರುವುದು ದನದ ಮಾಂಸದ ಮ್ಯೆನ್‌ಗೆ, ನಮಗೆ ಅದು ವರ್ಜ್ಯ. ಆದರೂ ಒಂದು ಅಂಗಡಿಯ ಗಾಜಿನಾಚೆ ಅರ್ಧ ಗಂಟೆ ನಿಂತು ನೋಡಿದೆವು. ಬಿಳಿ ಟೋಪಿಯ ಹುಡುಗ ಹಿಟ್ಟಿನ ಒಂದು ದಂಡವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಮಡಚಿ, ಹಲಗೆಗೆ ಬಡಿದು, ಮತ್ತೆ ಎಳೆಯುತ್ತಾನೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಂಟನೇ ಮಡಿಕೆಗೆ 256 ಎಳೆ. ಅಷ್ಟಕ್ಕೂ ನಿಮಿಷ ಹಿಡಿಯಲಿಲ್ಲ. ಕೂದಲೆಳೆಯಷ್ಟು ಸಣ್ಣದು ಬೇಕೋ, ಈರುಳ್ಳಿಸೊಪ್ಪಿನಷ್ಟು ಅಗಲದ್ದು ಬೇಕೋ, ಬಂದವರು ಬಾಗಿಲಲ್ಲೇ ಕೂಗಿ ಹೇಳುತ್ತಾರೆ. ನಾವು ತಿಂದದ್ದು ಎದುರು ಗಾಡಿಯಲ್ಲಿ: ಹಿಟ್ಟಿನ ತಣ್ಣನೆಯ ದಪ್ಪ ಹಾಳೆಗಳನ್ನು ಹೆಚ್ಚಿ, ಖಾರದೆಣ್ಣೆ, ವಿನೆಗರ್, ಸಾಸಿವೆ ನೀರು ಕಲಸಿದ ತಿನಿಸು. ಮೂಗಿನಲ್ಲಿ ನೀರು ಇಳಿಯಿತು. ಹೆಸರು ‘ಞ್ಯಾಂಗ್‌ಫಿ’. ಹೌದು ಸ್ವಾಮಿ, ಞ. ವರ್ಣಮಾಲೆಯ ಪಟದಲ್ಲಿ ಸುಮ್ಮನೆ ಸಾಲು ತುಂಬಿಸಲು ಕೂತಿದ್ದ ಆ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಅಲ್ಲಿಂದ ತುನ್‌ಹ್ವಾಂಗ್‌ಗೆ ರಾತ್ರಿ ರೈಲು. ಬಾಗಿಲಿಲ್ಲದ ಆರು ಮಲಗುಸೀಟಿನ ಗೂಡುಗಳು, ಹತ್ತು ಗಂಟೆಗೆ ದೀಪ ಆರಿಸುತ್ತಾರೆ. ಪ್ರತಿ ಡಬ್ಬಿಯ ಕೊನೆಗೆ ಕುದಿನೀರಿನ ನಲ್ಲಿ: ‘ಖಾಯ್‌ಷ್ವೇ’. ನಾವು ಒಯ್ದಿದ್ದ ಅವಲಕ್ಕಿಗೆ ಅದನ್ನೇ ಹೊಯ್ದೆವು. ಕೆಳಗಿನ ಸೀಟಿನ ಅಜ್ಜಿ ಒಂದು ಚಮಚ ರುಚಿ ನೋಡಿ, ಅವಳ ಚೀಲದಿಂದ ಏಪ್ರಿಕಾಟ್ ಒಣಹಣ್ಣು ಕೊಟ್ಟಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯ ಒಂದು ಕಡೆ ಛಿಲ್ಯೆನ್ ಪರ್ವತದ ಹಿಮ, ಇನ್ನೊಂದು ಕಡೆ ಬೂದು ಜಲ್ಲಿಕಲ್ಲಿನ ಬಯಲು. ಮರಳುಗಾಡು ಎಂದರೆ ಮರಳು ಎಂದುಕೊಂಡಿದ್ದೆ. ಗೋಬಿ ಮರುಭೂಮಿ ಹೆಚ್ಚಿನಂಶ ಕಲ್ಲು. ಗಂಟೆಗಟ್ಟಲೆ ಅದೇ. ನಾನು ಪುಸ್ತಕ ತೆಗೆಯಲೇ ಇಲ್ಲ. ಇಡೀ ದೇಶಕ್ಕೆ ಬೀಜಿಂಗ್‌ನದ್ದೇ ಗಡಿಯಾರವಾದ್ದರಿಂದ ಅಷ್ಟು ಪಶ್ಚಿಮದಲ್ಲಿ ರಾತ್ರಿ ಎಂಟೂವರೆಗೂ ಬಿಸಿಲು. ಸಂಧ್ಯಾವಂದನೆ ಮಾಡುವವರು ಲೆಕ್ಕ ಹಾಕಿಕೊಂಡು ಹೋಗಬೇಕು.

ತುನ್‌ಹ್ವಾಂಗ್ ಬಳಿಯ ಮೋಕಾವ್ ಬೌದ್ಧ ಗುಹೆಗಳ ಬಗ್ಗೆ ನಿಮ್ಮ ಲೇಖನದಲ್ಲಿ ಎರಡೇ ಸಾಲಿತ್ತು. ಚಿತ್ರ, ಶಿಲ್ಪಗಳಿರುವ ಗುಹೆಗಳೇ 492; ನಮ್ಮ ಟಿಕೆಟ್ಟಿಗೆ ತೆರೆದದ್ದು ಎಂಟು. ಒಳಗೆ ಕತ್ತಲು, ಫೋಟೊ ತೆಗೆಯುವಂತಿಲ್ಲ. ಮಾರ್ಗದರ್ಶಿ ಟಾರ್ಚ್ ಹಿಡಿದಷ್ಟೇ ಗೋಡೆ ನಿಮ್ಮದು. ಆ ಬೆಳಕಿನ ಉರುಟಿನಲ್ಲಿ ಒಮ್ಮೆ ಹಾರುವ ಅಪ್ಸರೆಯ ಸೆರಗು, ಒಮ್ಮೆ ಕಪ್ಪಾದ ಒಂದು ಮುಖ, ಮುಂದಿನ ಗುಂಪು ಬಂತೆಂದು ಬಾಗಿಲು ಮುಚ್ಚಿಯೇಬಿಡುತ್ತಾರೆ. ಹದಿನೇಳನೇ ಗುಹೆ ನಮ್ಮ ಅಡುಗೆಮನೆಯಷ್ಟೂ ಇಲ್ಲ. 1900ರಲ್ಲಿ ಗೋಡೆ ಒಡೆದಾಗ ಅದರೊಳಗೆ ಸಾವಿರಾರು ಸುರುಳಿಗಳು ಸಿಕ್ಕವು. 868ರಲ್ಲಿ ಅಚ್ಚಾದ ವಜ್ರಸೂತ್ರ ಎಂಬ ಬೌದ್ಧ ಗ್ರಂಥ ಇದ್ದದ್ದು ಅಲ್ಲೇ, ಈಗ ಲಂಡನ್ನಿನಲ್ಲಿದೆ. ಆ ಪಾಠವನ್ನು ಚೀನೀ ಭಾಷೆಗೆ ತಂದವನು ಕುಮಾರಜೀವನೆಂಬ ಬೌದ್ಧ ಭಿಕ್ಷು. ಅವನ ಬಿಳಿ ಕುದುರೆ ಇಲ್ಲೇ ಸತ್ತಿತೆಂಬ ಐತಿಹ್ಯದ ಸ್ತೂಪ ಊರಾಚೆ ಇದೆ. ಹೆಸರು ಪಾಯ್‌ಮಾಥಾ. ಆ ಕೊನೆಯ ‘ಥಾ’ ಪಾಲಿಯ ‘ಥೂಪ’ದಿಂದ ಬಂದದ್ದು, ಅಂದರೆ ನಮ್ಮ ಸ್ತೂಪವೇ. ಮಹಾಪ್ರಾಣ ಅಷ್ಟು ದೂರ ನಡೆದುಕೊಂಡು ಹೋಗಿಯೂ ಉಸಿರು ಬಿಟ್ಟಿಲ್ಲ ನೋಡಿ.

ಛೆಂಗ್‌ತುವಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ವನ್‌ಷು ಮಠದ ಊಟದ ಮನೆಯಲ್ಲಿ ಎಲ್ಲವೂ ‘ಸು’ ಎಂದಷ್ಟು ಹೇಳಿದರೆ ಸಾಕು. ವನ್‌ಷು ಎಂದರೆ ಮಂಜುಶ್ರೀ. ಅಲ್ಲಿನ ಅಡುಗೆಯ ಹ್ವಾಚ್ಯಾವ್ ಕಾಳು ನಮ್ಮ ಕರಾವಳಿಯ ಜುಮ್ಮನಕಾಯಿಯ ಬಳಗದ್ದು, ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ. ಆ ಜುಮ್ಮಿಗೆ ‘ಮಾ’, ಖಾರಕ್ಕೆ ‘ಲಾ’. ಛುಂಗ್‌ಛಿಂಗ್‌ನಲ್ಲಿ (ನಿಮ್ಮ ‘ಚಾಂಗ್‌ಕಿಂಗ್’) ಕಟ್ಟಡವೊಂದರ ಕೆಳಗಿನ ರಸ್ತೆಯಿಂದ ಹೊಕ್ಕು ಹನ್ನೊಂದನೇ ಮಹಡಿಯಲ್ಲಿ ಇನ್ನೊಂದು ರಸ್ತೆಗೆ ಹೊರಬಂದೆವು. ಅಲ್ಲಿಯ ಹಾಟ್‌ಪಾಟ್ ರಸಕ್ಕೆ ದನದ ಕೊಬ್ಬು. ನಾವು ಬಾಳೆಹಣ್ಣು ತಿಂದು ಮಲಗಿದ ರಾತ್ರಿ ಅದೊಂದೇ.

ಇಷ್ಟಾಗಿ ನನ್ನ ಕೋರಿಕೆ ಸಣ್ಣದು. ಬೀಜಿಂಗ್ ರೂಢಿಯಾಗಿದೆ, ಇರಲಿ. ಹಳೇ ಹೆಸರುಗಳನ್ನು ಕೆದಕುವುದು ಬೇಡ. ಫೋನಿನಲ್ಲಿ ಹುಡುಕಲು ಬೇಕಾಗುವುದರಿಂದ ಇಂಗ್ಲಿಷ್ ಕಾಗುಣಿತವನ್ನೂ ಪೆಟ್ಟಿಗೆಯಲ್ಲಿ ಕೊಡಿ. ಆದರೆ ಹೊಸದಾಗಿ ಅಚ್ಚಾಗುವ ಊರು, ತಿನಿಸುಗಳ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಒಮ್ಮೆ ಕಿವಿಯಿಂದ ಕೇಳಿ ಬರೆಯಿರಿ. ರೈಲಿನಲ್ಲಿ, ಅಂಗಡಿಗಳಲ್ಲಿ ಜನರ ಬಾಯಿಂದ ಕೇಳಿ ನಾನು ಬರೆದುಕೊಂಡ 62 ಹೆಸರುಗಳ ಪಟ್ಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ತಪ್ಪಿದ್ದರೆ ಚೀನೀ ಬಲ್ಲವರು ತಿದ್ದಲಿ. ಕರಡು ನೋಡುವವರಿಗೆ ಒಂದು ಮಾತು: ನಲವತ್ತೊಂದನೇ ಹೆಸರಿನಲ್ಲಿ ಞ ಇದೆ. ಅದು ನನ್ನ ಕೈತಪ್ಪಲ್ಲ, ದಯವಿಟ್ಟು ‘ನ್ಯ’ ಮಾಡಬೇಡಿ.

ಇತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ