ಮಗುವಿನ ತೂಕ ಕೇಳುವವರು ಎಲ್ಲರೂ, ಗೆರೆ ತೋರಿಸುವವರು ಯಾರು?

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಚಿಕ್ಕ ಮಗು ಇರುವ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. ಎಷ್ಟು ಕೆಜಿ ಇದೆ? ಆರೂವರೆ ಅಂದರೆ "ಅಯ್ಯೋ, ಅಷ್ಟೇನಾ", ಎಂಟು ಅಂದರೆ "ಮೊದ್ಲು ದೃಷ್ಟಿ ತೆಗೀರಿ". ನನ್ನ ಮಗಳಿಗೆ ಈಗ ಏಳು ತಿಂಗಳು. ನಮ್ಮ ಮನೆಯಲ್ಲಿ ಅವಳ ಹೆಸರಿಗಿಂತ ಜಾಸ್ತಿ ಸಲ ಕೇಳಿಬಂದಿರುವುದು ಅವಳ ತೂಕ. ನೆಂಟರ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ, ಅವರು ಕೇಳುತ್ತಾರೆ, ಕೇಳಲಿ. ನನ್ನ ತಕರಾರು ಇರುವುದು ತೂಕ ಹಾಕಿ ಬರೆದುಕೊಳ್ಳುವವರ ಬಗ್ಗೆ. ಆಸ್ಪತ್ರೆಯವರು, ಕ್ಲಿನಿಕ್‌ನವರು, ಅಂಗನವಾಡಿಯವರು. ಆ ನಂಬರ್ ಏನು ಹೇಳುತ್ತಿದೆ ಅಂತ ತಾಯಿಗೆ ಎರಡು ನಿಮಿಷ ಕೂರಿಸಿ ಹೇಳಿದರೆ ಮನೆಯಲ್ಲಿ ಅರ್ಧ ಜಗಳ ಕಡಿಮೆ ಆಗುತ್ತದೆ, ಡಬ್ಬಿ ಹಾಲಿಗೆ ಸುರಿಯುವ ದುಡ್ಡೂ ಉಳಿಯುತ್ತದೆ.

ಮೊದಲ ವಾರದಿಂದಲೇ ಹೇಳುತ್ತೇನೆ. ನನ್ನ ಮಗಳು ಹುಟ್ಟಿದಾಗ 2.7 ಕೆಜಿ ಇದ್ದಳು. ಡಿಸ್ಚಾರ್ಜ್ ದಿನ 2.5. ಹುಟ್ಟಿದ ಮಗುವಿನ ತೂಕ ಮೊದಲ ಕೆಲವು ದಿನ ಇಳಿಯುವುದು ಸಾಮಾನ್ಯ. ನೂರಕ್ಕೆ ಹತ್ತು ಭಾಗದೊಳಗೆ ಇಳಿದು, ಹತ್ತರಿಂದ ಹದಿನಾಲ್ಕು ದಿನದೊಳಗೆ ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬಂದರೆ ಹೆದರಬೇಕಿಲ್ಲ. ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರ್ ನೋಡಬೇಕು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು ಹೇಳಿ? ನನಗೆ ಹೆರಿಗೆಯಾದ ಖಾಸಗಿ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. "ಹಾಲು ಸಾಲ್ತಿಲ್ಲ ಕಣಮ್ಮ" ಅಂದರು, ಚೀಟಿಯಲ್ಲಿ ಒಂದು ಡಬ್ಬಿಯ ಹೆಸರು ಬರೆದರು, ಮೆಡಿಕಲ್ ಶಾಪ್ ಕೆಳಗಡೆಯೇ ಇತ್ತು. ಆಪರೇಷನ್ ಆಗಿ ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದವಳಿಗೆ, ನಿನ್ನ ಹಾಲು ಸಾಲದು ಅಂತ ಬಿಳಿ ಕೋಟು ಹಾಕಿದವರು ಹೇಳಿದ ಮೇಲೆ ಅದನ್ನು ತಲೆಯಿಂದ ತೆಗೆಯುವುದು ಸುಲಭವಲ್ಲ. ಆ ದಿನಗಳಲ್ಲಿ ಬರುವ ಹಳದಿ ಹಾಲು ಚಮಚದ ಲೆಕ್ಕದಲ್ಲೇ ಇರುತ್ತದೆ, ಮಗುವಿನ ಹೊಟ್ಟೆಯೂ ಅಷ್ಟೇ ಹಿಡಿಯುತ್ತದೆ. ಆಪರೇಷನ್ ಆದವರಿಗೆ ಹಾಲು ತುಂಬಿಕೊಳ್ಳುವುದು ಒಂದೆರಡು ದಿನ ತಡ ಆಗಬಹುದು. ಮತ್ತೆ ಮತ್ತೆ ಕುಡಿಸುತ್ತಿದ್ದರೆ ತಾನೇ ಬರುತ್ತದೆ.

ಇದಕ್ಕೆ ನಮ್ಮಲ್ಲಿ ಕಾನೂನು ಇದೆ. 1992ರಲ್ಲೇ ಬಂದಿದೆ, 2003ರಲ್ಲಿ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲು, ಡಬ್ಬಿ ಆಹಾರ, ಹಾಲಿನ ಬಾಟಲಿ ಯಾವುದಕ್ಕೂ ಜಾಹೀರಾತು ಕೊಡುವ ಹಾಗಿಲ್ಲ. ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಹಂಚುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಪೋಸ್ಟರ್ ಹಚ್ಚುವ ಹಾಗಿಲ್ಲ. ಹಾಲಿನ ಡಬ್ಬಿಯ ಮೇಲೆ ಮಗುವಿನ ಫೋಟೋ ಸಹ ಇರಬಾರದು. ನಿಜವಾಗಿ ಬೇಕಾದ ಮಗುವಿಗೆ ಡಾಕ್ಟರ್ ಬರೆದುಕೊಟ್ಟರೆ ಅದು ಬೇರೆ ಮಾತು. ಡಬ್ಬಿ ಹಾಲು ಕೊಡುವ ತಾಯಂದಿರನ್ನು ಕೀಳಾಗಿ ನೋಡುವ ಇನ್ನೊಂದು ಗುಂಪು ಇದೆ, ಅವರ ಜೊತೆಗೂ ನಾನಿಲ್ಲ. ಆದರೆ ಬರೆದುಕೊಟ್ಟವರು ಬೆರೆಸುವುದು ಹೇಗೆ ಅಂತಲೂ ಹೇಳಬೇಕು ಅಲ್ವಾ? ಡಬ್ಬಿ ಬೇಗ ಖಾಲಿ ಆಗದಿರಲಿ ಅಂತ ಒಂದು ಅಳತೆ ಪುಡಿಗೆ ನೀರು ಜಾಸ್ತಿ ಹಾಕಿ ಕುಡಿಸುವ ಮನೆಗಳನ್ನು ನಾನೇ ನೋಡಿದ್ದೇನೆ. ಹೊಟ್ಟೆ ತುಂಬುತ್ತದೆ, ತೂಕ ಮಾತ್ರ ಏರುವುದಿಲ್ಲ. ಬಾಟಲಿ ಸರಿಯಾಗಿ ತೊಳೆಯದಿದ್ದರೆ ಭೇದಿ ಬೇರೆ. ಕೊಡಲೇಬೇಕಾದರೆ ನಮ್ಮ ಅಜ್ಜಿಯರು ಹಾಲು ಕುಡಿಸುತ್ತಿದ್ದ ಪುಟ್ಟ ಬಟ್ಟಲು, ಒಳಲೆಯೇ ವಾಸಿ, ಮೂಲೆ ಇಲ್ಲ, ನಿಪ್ಪಲ್ ಇಲ್ಲ, ತೊಳೆಯುವುದು ಸುಲಭ.

ಬಾಣಂತನಕ್ಕೆ ಅಂತ ನಾನು ತವರಿಗೆ, ಜಗಳೂರು ತಾಲೂಕಿನ ಒಂದು ಹಳ್ಳಿಗೆ ಹೋದೆ. ನನಗೆ ಬೇಕಿದ್ದ ಮಾತು ಸಿಕ್ಕಿದ್ದು ಅಲ್ಲಿ. ಆಶಾ ಕಾರ್ಯಕರ್ತೆ ಚೀಲ ಹಾಕಿಕೊಂಡು ಮನೆಗೇ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಅವರು 3, 7, 14, 21, 28 ಮತ್ತು 42ನೇ ದಿನ ಬಂದು ನೋಡಬೇಕು ಅಂತ ಸರ್ಕಾರದ ನಿಯಮವೇ ಇದೆ, ಅದು ನನಗೆ ಗೊತ್ತಿರಲಿಲ್ಲ. ಮಗುವಿನ ಬಟ್ಟೆ ಬಿಚ್ಚಿಸಿ, ಜೋಳಿಗೆಯಂಥ ಬಟ್ಟೆಯಲ್ಲಿ ಮಲಗಿಸಿ ತೂಗಿದರು. ಆಮೇಲೆ ಕೇಳಿದ್ದು ಹಾಲಿನ ಬಗ್ಗೆ ಅಲ್ಲ. "ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ತದೆ?" ಲೆಕ್ಕ ಹಾಕಿದೆವು. ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಹೊಯ್ಯುತ್ತಿದ್ದರೆ, ಚುರುಕಾಗಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ ಅಂದರು. ಮಗು ಅತ್ತಿದ್ದಕ್ಕೆಲ್ಲ ಹಸಿವೇ ಕಾರಣ ಅಲ್ಲ. ಸಂಜೆ ಹೊತ್ತು ಬಿಟ್ಟೂ ಬಿಡದೆ ಕುಡಿಯುವುದೂ ಹಾಲು ಕಡಿಮೆ ಆಗಿದೆ ಅನ್ನುವುದಕ್ಕೆ ಗುರುತಲ್ಲ. ಪಟ್ಟಣದ ಆಸ್ಪತ್ರೆಗೆ ಅಷ್ಟು ದುಡ್ಡು ಕಟ್ಟಿ ಸಿಗದ ವಿಷಯ ಹಳ್ಳಿಯ ಜಗುಲಿ ಮೇಲೆ ಪುಕ್ಕಟೆ ಸಿಕ್ಕಿತು.

ಮತ್ತೆ ತಾಯಿ ಕಾರ್ಡ್ ಕೇಳಿದರು. ನಮ್ಮಲ್ಲಿ ಎಷ್ಟು ಜನ ಆ ಕಾರ್ಡನ್ನು ಚುಚ್ಚುಮದ್ದಿನ ತಾರೀಖು ಬಿಟ್ಟು ಬೇರೆಯದಕ್ಕೆ ತೆರೆದು ನೋಡುತ್ತೇವೆ? ಒಳಗೆ ಒಂದು ಬಣ್ಣದ ನಕ್ಷೆ ಇದೆ. ಹೆಣ್ಣುಮಕ್ಕಳಿಗೆ ಬೇರೆ, ಗಂಡುಮಕ್ಕಳಿಗೆ ಬೇರೆ. ಕೆಳಗೆ ತಿಂಗಳು, ಪಕ್ಕದಲ್ಲಿ ಕೆಜಿ. ತಿಂಗಳಿಗೊಂದು ಚುಕ್ಕೆ ಇಟ್ಟು ಸೇರಿಸುತ್ತಾ ಹೋದರೆ ಒಂದು ಗೆರೆ ಆಗುತ್ತದೆ. ನೋಡಬೇಕಾಗಿರುವುದು ಆ ಗೆರೆಯನ್ನು. ಗೆರೆ ಸಾಮಾನ್ಯ ತೂಕ ತೋರಿಸುವ ಹಸಿರು ಪಟ್ಟಿಯ ಕೆಳಭಾಗದಲ್ಲೇ ಇರಲಿ, ಪಟ್ಟಿಯ ಜೊತೆಗೇ ಮೇಲೆ ಹೋಗುತ್ತಿದ್ದರೆ ಮಗು ಬೆಳೆಯುತ್ತಿದೆ. ಗೆರೆ ಮಲಗಿದರೆ ಅಥವಾ ಕೆಳಗೆ ಬಾಗಿದರೆ, ಮಗು ನೋಡಲು ದುಂಡಗೇ ಇದ್ದರೂ, ಯಾಕೆ ಅಂತ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಅಳತೆ ಪ್ರಕಾರ ಆರು ತಿಂಗಳ ಹೆಣ್ಣುಮಗುವಿನ ನಡುಮಧ್ಯದ ತೂಕ 7.3 ಕೆಜಿ. ಆದರೆ 5.7ರಿಂದ 9.3ರವರೆಗೂ ಸಾಮಾನ್ಯದ ಒಳಗೇ ಬರುತ್ತದೆ. ಗಂಡುಮಗುವಿಗೆ ನಡುಮಧ್ಯ 7.9, ಸಾಮಾನ್ಯ ಅಂದರೆ 6.4ರಿಂದ 9.8. ಎಷ್ಟು ಅಗಲ ಇದೆ ನೋಡಿ. ನಮ್ಮ ಪಕ್ಕದ ಮನೆಯ ಗಂಡುಮಗುವಿನ ಜೊತೆ ನನ್ನ ಮಗಳನ್ನು ತೂಗಿ ನೋಡುವವರಿಗೆ ಇಬ್ಬರ ನಕ್ಷೆಯೇ ಬೇರೆ ಅಂತ ಹೇಳಿ ಹೇಳಿ ಸಾಕಾಗಿದೆ. ಒಂದೇ ದಿನ ಬಿತ್ತಿದ ಮೆಕ್ಕೆಜೋಳವೇ ಒಂದೇ ಎತ್ತರ ಬರಲ್ಲ ಅನ್ನುತ್ತಾರೆ ನಮ್ಮಪ್ಪ. "ಅದು ಫಾರಿನ್ ಮಕ್ಕಳ ಚಾರ್ಟು, ನಮ್ಮ ಮಕ್ಕಳು ಸಣ್ಣ ಇರೋದೇ" ಅನ್ನುವವರೂ ಇದ್ದಾರೆ. ಹಾಗೇನಿಲ್ಲ. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆಗೆ ಭಾರತದ ಮಕ್ಕಳನ್ನೂ ಅಳೆದು ಮಾಡಿದ ನಕ್ಷೆ ಅದು. ಚೆನ್ನಾಗಿ ಎದೆಹಾಲು, ಆರೈಕೆ ಸಿಕ್ಕರೆ ಈ ಎಲ್ಲ ದೇಶಗಳ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಅಂತ ಆಗ ಗೊತ್ತಾಯಿತು.

ಬೆಳೆಯುವ ವೇಗವೂ ಒಂದೇ ಸಮ ಇರುವುದಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ ಏರುವ ಮಗು, ಆರು ತಿಂಗಳ ನಂತರ ಅದರ ಅರ್ಧವೂ ಏರುವುದಿಲ್ಲ. ಐದಾರು ತಿಂಗಳಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷಕ್ಕೆ ಮೂರರಷ್ಟು, ಇದು ಸುಮಾರು ಲೆಕ್ಕ. ಇದು ಗೊತ್ತಿಲ್ಲದೆ ಐದನೇ ತಿಂಗಳಿಗೆ "ಮೊದಲಿನ ಹಾಗೆ ಏರ್ತಾ ಇಲ್ಲ" ಅಂತ ಹಾಲು ಬಿಡಿಸಿ ಡಬ್ಬಿ ಹಿಡಿಯುವವರು ಎಷ್ಟು ಜನ!

ಇನ್ನು ತಕ್ಕಡಿಯ ಕಥೆ. ದಾವಣಗೆರೆಗೆ ವಾಪಸ್ ಬಂದ ಮೇಲೆ ಕ್ಲಿನಿಕ್‌ನಲ್ಲಿ ಒಂದು ತೂಕ, ಮೆಡಿಕಲ್ ಶಾಪ್‌ನ ಮಷೀನಿನಲ್ಲಿ ಇನ್ನೊಂದು. ಒಂದು ಕಡೆ ಸ್ವೆಟರ್, ಒದ್ದೆ ಡೈಪರ್ ಸಮೇತ ಮಲಗಿಸಿದರು. ಇನ್ನೊಂದು ಕಡೆ ಅಪ್ಪ ಮಗುವನ್ನು ಎತ್ತಿಕೊಂಡು ನಿಂತು, ಆಮೇಲೆ ಅಪ್ಪನ ತೂಕ ಕಳೆದರು. ವ್ಯತ್ಯಾಸ 300 ಗ್ರಾಂ ಬಂತು. ಆ 300 ಗ್ರಾಂಗೆ ಮನೆಯಲ್ಲಿ ನಡೆದ ಪಂಚಾಯ್ತಿ ಇಲ್ಲಿ ಬರೆಯುವುದಿಲ್ಲ. ಒಂದೇ ತಕ್ಕಡಿ, ಬಟ್ಟೆ ಇಲ್ಲದೆ, ತಿಂಗಳಿಗೊಮ್ಮೆ. ಚೆನ್ನಾಗಿರುವ ಮಗುವಿಗೆ ಅಷ್ಟು ಸಾಕು. ವಾರ ವಾರ ತೂಗಿ ತಲೆ ಕೆಡಿಸಿಕೊಳ್ಳುವುದು ಸುಮ್ನೆ.

ಅಂಗನವಾಡಿಯಲ್ಲಿ ತೂಕ ಹಾಕುತ್ತಾರೆ, ಇಲ್ಲ ಅನ್ನುವುದಿಲ್ಲ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಿದೆ, ತೂಕ ಎತ್ತರ ಎಲ್ಲ ಅದಕ್ಕೆ ಹಾಕಬೇಕು. ಪಾಪ, ಆ ಕಾರ್ಯಕರ್ತೆಯರಿಗೆ ಇರುವ ಕೆಲಸ ಒಂದಾ ಎರಡಾ. ತೂಕ ಅವರ ಮೊಬೈಲಿಗೆ ಹೋಗುತ್ತದೆ, ನನ್ನ ಕೈಯಲ್ಲಿರುವ ಕಾರ್ಡಿನ ನಕ್ಷೆ ಖಾಲಿ ಉಳಿಯುತ್ತದೆ. ಈಗ ನಾನೇ ಪೆನ್ಸಿಲ್ ಹಿಡಿದು ಚುಕ್ಕೆ ಇಡುತ್ತೇನೆ.

ಗೆರೆ ನೋಡಿ ಅನ್ನುವುದು ಬರೀ ಸಮಾಧಾನಕ್ಕೆ ಅಂತ ಯಾರೂ ತಿಳಿಯಬೇಡಿ. "ನಮ್ಮ ವಂಶವೇ ಸಣ್ಣ" ಅಂತ ಹೇಳಿಕೊಂಡು ಎರಡು ಮೂರು ತಿಂಗಳು ತೂಕವೇ ಏರದ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವವರೂ ಇದೇ ಊರಲ್ಲಿದ್ದಾರೆ. ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬಾರದ ಮಗು, ಹಾಲು ಚೀಪದೆ ಯಾವಾಗಲೂ ಮಂಕಾಗಿ ಮಲಗಿರುವ ಮಗು, ಉಚ್ಚೆ ಕಡಿಮೆ ಆದ ಮಗು, ಕುಡಿದಿದ್ದೆಲ್ಲ ವಾಂತಿ ಮಾಡುವ ಮಗು, ಇವರನ್ನು ದೃಷ್ಟಿ ತೆಗೆದು ಕೂರಿಸಿಕೊಳ್ಳದೆ ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ತೀರಾ ಸೊರಗಿದ ಮಕ್ಕಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ತಾಯಿಯ ಜೊತೆಗೇ ಇಟ್ಟುಕೊಂಡು ಆರೈಕೆ ಮಾಡುವ ಪುನಶ್ಚೇತನ ಕೇಂದ್ರಗಳಿವೆ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ನೀರೂ ಬೇಡ, ಏಪ್ರಿಲ್ ಬಿಸಿಲಲ್ಲೂ ಬೇಡ, ಆ ಹಾಲಿನಲ್ಲಿ ನೂರಕ್ಕೆ 87 ಭಾಗ ಇರುವುದೇ ನೀರು. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವ ಅಭ್ಯಾಸ ಇನ್ನೂ ಇದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯ, ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಎಳೆ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ.

ಆರು ತಿಂಗಳಾದ ಮೇಲೆ ಹೆಚ್ಚು ಮಕ್ಕಳ ಗೆರೆ ಮಲಗುವುದು ಯಾಕೆ ಗೊತ್ತಾ? ಬೇಳೆ ಕಟ್ಟಿನ ತಿಳಿ, ಗಂಜಿ ತಿಳಿ, ಹಾಲಲ್ಲಿ ಅದ್ದಿದ ಬಿಸ್ಕತ್ತು. ಹೊಟ್ಟೆ ಇರುವುದೇ ಇಷ್ಟು, ಅದನ್ನು ನೀರಿನಿಂದ ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ರಾಗಿ ಸರಿ ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಬೇಕು. ಹೆಸರುಬೇಳೆ ಅನ್ನ ಕಿವುಚಿ ಕೊಡಿ, ಬೆಂದ ಸೊಪ್ಪು ಕೊಡಿ, ತಿನ್ನುವವರ ಮನೆಯಾದರೆ ಮೊಟ್ಟೆ ಕೊಡಿ. ಮೊದಲು ಎರಡು ಮೂರು ಚಮಚ, ಆಮೇಲೆ ನಿಧಾನವಾಗಿ ಅರ್ಧ ಬಟ್ಟಲು, ದಿನಕ್ಕೆ ಎರಡು ಮೂರು ಸಲ, ಎದೆಹಾಲು ಜೊತೆಗೇ ಇರಲಿ. ವರ್ಷದವರೆಗೆ ಉಪ್ಪು ಸಕ್ಕರೆ ಬೇಡ. ಬೆಣ್ಣೆ ದೋಸೆಗೆ ಹೆಸರಾದ ಊರು ನಮ್ಮದು, ದೋಸೆಗೆ ಕೈ ಬಿಚ್ಚಿ ಹಾಕುವ ಬೆಣ್ಣೆಯಲ್ಲಿ ಒಂದು ಚಮಚ ಮಗುವಿನ ಸರಿಗೆ ಹಾಕಲು ಮಾತ್ರ "ಕಫ ಆಗುತ್ತೆ" ಅಂತ ಹಿಂಜರಿಯುತ್ತೇವೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಆಮೇಲೆ ಒಂಬತ್ತು ತಿಂಗಳಿಗೆ ಎಲ್ಲರೂ ಚುಚ್ಚುಮದ್ದಿಗೆ ಬಂದೇ ಬರುತ್ತಾರೆ. ಗುರುವಾರ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಹೇಗಿದ್ದರೂ ಕಾಯುತ್ತಾ ಕೂತಿರುತ್ತೇವೆ. ಅಲ್ಲೇ ಒಂದು ಸರಿಯಾದ ತಕ್ಕಡಿ ಇಡಲಿ, ತೂಗಿದ ಕೂಡಲೇ ಕಾರ್ಡಿನಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದು ತೋರಿಸಲಿ. ತಾಯಿಗೆ ಮಾತ್ರ ಅಲ್ಲ, ಜೊತೆಗೆ ಬಂದ ಅತ್ತೆಗೂ ತೋರಿಸಲಿ, ಮನೆಯಲ್ಲಿ ತೀರ್ಮಾನ ಆಗುವುದು ಅವರ ಮಾತಿನಿಂದಲೇ. ಖಾಸಗಿ ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನದ ತೂಕ ಬರೆದು, ಇಷ್ಟು ದಿನದಲ್ಲಿ ಇಷ್ಟಕ್ಕೆ ಬರಬೇಕು ಅಂತ ಒಂದು ಸಾಲು ಸೇರಿಸಲಿ. ಜಿಲ್ಲಾ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ ಇದು.

ನಿಮ್ಮ ಪತ್ರಿಕೆಗೂ ಒಂದು ಮಾತು. ಆರೋಗ್ಯವಂತ ಶಿಶು ಸ್ಪರ್ಧೆ ಅಂತ ದುಂಡು ಕೆನ್ನೆಯ ಮಕ್ಕಳ ಫೋಟೋ ಹಾಕುತ್ತೀರಿ, ನೋಡಲು ಚಂದವೇ. ಆದರೆ ಅದನ್ನು ನೋಡಿ ಎಷ್ಟು ತಾಯಂದಿರು ತಮ್ಮ ಮಗುವಿನ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾರೆ ಗೊತ್ತಾ? ಒಂದು ಭಾನುವಾರ ಆ ಜಾಗದಲ್ಲಿ ಹೆಣ್ಣುಮಕ್ಕಳ ಮತ್ತು ಗಂಡುಮಕ್ಕಳ ತೂಕದ ನಕ್ಷೆ ಎರಡನ್ನೂ ದೊಡ್ಡದಾಗಿ ಅಚ್ಚು ಹಾಕಿ, ಚುಕ್ಕೆ ಇಡುವುದು ಹೇಗೆ ಅಂತ ಕೆಳಗೆ ನಾಲ್ಕು ಸಾಲು ಬರೆಯಿರಿ. ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳುತ್ತೇವೆ.

— ಏಳು ತಿಂಗಳ ಮಗುವಿನ ತಾಯಿ
ನಿಟ್ಟುವಳ್ಳಿ, ದಾವಣಗೆರೆ